ಮಾತು ಮರಳುವ ಎಡೆ, ಭಯ ಮರಳದ ಎಡೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಯತೋ ವಾಚೋ ನಿವರ್ತಂತೇ ಅಪ್ರಾಪ್ಯ ಮನಸಾ ಸಹ
ಆನಂದಂ ಬ್ರಹ್ಮಣೋ ವಿದ್ವಾನ್ ನ ಬಿಭೇತಿ ಕುತಶ್ಚನ

ಮನಸ್ಸನ್ನೂ ಕರೆದುಕೊಂಡು ಹೊರಟ ಮಾತು ಎಲ್ಲಿಗೆ ಮುಟ್ಟಲಾರದೆ ಹಿಂದಿರುಗುತ್ತದೋ, ಆ ಬ್ರಹ್ಮದ ಆನಂದವನ್ನು ಅರಿತವನು ಯಾವುದಕ್ಕೂ ಅಂಜುವುದಿಲ್ಲ. ಇದು ಕೃಷ್ಣ ಯಜುರ್ವೇದಕ್ಕೆ ಸೇರಿದ ತೈತ್ತಿರೀಯ ಉಪನಿಷತ್ತಿನ ಮಂತ್ರ. ಅದರ ಬ್ರಹ್ಮಾನಂದವಲ್ಲಿ ಎಂಬ ಅಧ್ಯಾಯದ ವಿಭಾಗಗಳಿಗೆ ಅನುವಾಕ ಎಂದು ಹೆಸರು; ಒಂಬತ್ತನೆಯ, ಅಂದರೆ ಕೊನೆಯ ಅನುವಾಕದಲ್ಲಿ ಇದು ಬರುತ್ತದೆ. ಈ ಉಪನಿಷತ್ತಿಗೆ ಶಂಕರರು ಬರೆದ ಭಾಷ್ಯಕ್ಕೆ ವಾರ್ತಿಕ, ಅಂದರೆ ಮತ್ತಷ್ಟು ವಿವರಣೆ, ಬರೆದ ಸುರೇಶ್ವರರನ್ನು ನಮ್ಮ ಶೃಂಗೇರಿಯ ಪರಂಪರೆ ಶಂಕರರ ನಂತರದ ಪೀಠಾಧಿಪತಿ ಎಂದು ನೆನೆಯುತ್ತದೆ.

ಈ ಮಂತ್ರದ ಮೊದಲರ್ಧಕ್ಕೇ ನಾವು ಸಾಮಾನ್ಯವಾಗಿ ನಿಂತುಬಿಡುತ್ತೇವೆ. ಹೇಳಲಾಗದ ವಸ್ತು ಎಂದು ಕೈಮುಗಿಯುತ್ತೇವೆ. ನನ್ನನ್ನು ಹೆಚ್ಚು ಕಾಡಿದ್ದು ಎರಡನೆಯ ಅರ್ಧ. ಆನಂದ ತಿಳಿದವನಿಗೆ ಭಯ ಯಾಕಿಲ್ಲ? ನಾವು ಕಂಡ ಸಂತೋಷವೆಲ್ಲ ಭಯವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದಲ್ಲ! ಮೂಡಿಗೆರೆ, ಸಕಲೇಶಪುರದ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿಯ ಹೂ ಅರಳಿಸುವ ಹೂಮಳೆ ಬಿದ್ದ ದಿನ ಮನೆಯೆಲ್ಲ ಸಂಭ್ರಮ. ಆ ರಾತ್ರಿಯೇ ಯೋಚನೆ ಶುರು: ಮುಂದಿನ ಮಳೆ ಕೈಕೊಟ್ಟರೆ ಕಾಯಿ ಕಟ್ಟುತ್ತದೆಯೇ?

ಉಪನಿಷತ್ತು ಇದಕ್ಕೆ ಉತ್ತರವನ್ನು ಮೊದಲೇ ಇಟ್ಟಿದೆ. ಏಳನೆಯ ಅನುವಾಕ ಹೇಳುತ್ತದೆ: ಆ ಬ್ರಹ್ಮದಲ್ಲಿ ಎಳ್ಳಷ್ಟು ಅಂತರ ಮಾಡಿಕೊಂಡರೂ, ಅದು ತನಗಿಂತ ಬೇರೆ ಎಂದುಕೊಂಡರೂ, ಮನುಷ್ಯನಿಗೆ ಭಯವುಂಟು. ಹೊರಗಿನಿಂದ ಬಂದ ಸಂತೋಷ ಹೊರಗೇ ಹೋಗಬಲ್ಲದು, ಅದಕ್ಕೇ ಅದರ ಜೊತೆ ಅಂಜಿಕೆ. ತಾನೇ ಆಗಿರುವುದನ್ನು ಕಿತ್ತುಕೊಳ್ಳಲು ಎರಡನೆಯವರೇ ಇಲ್ಲ. ನಾನು ಇಲ್ಲಿ ಶಂಕರರ ದಾರಿ ಹಿಡಿದಿದ್ದೇನೆ. ಆನಂದಕ್ಕೆ ಅಳತೆಯಿಲ್ಲ, ಆದ್ದರಿಂದಲೇ ಮಾತು ಮರಳುತ್ತದೆ ಎಂಬ ರಾಮಾನುಜರ ವಿವರಣೆಯೂ ನಮ್ಮ ನಾಡಿನಲ್ಲಿ ಬಾಳಿ ಬಂದದ್ದೇ.

ಆ ಅಳತೆಯ ವಿಚಾರ ಎಂಟನೆಯ ಅನುವಾಕದಲ್ಲಿದೆ. ಉಪನಿಷತ್ತು ಒಬ್ಬ ಯುವಕನನ್ನು ಮುಂದೆ ನಿಲ್ಲಿಸುತ್ತದೆ. ಒಳ್ಳೆಯವನು, ಓದಿದವನು, ಗಟ್ಟಿಮುಟ್ಟು, ಸಂಪತ್ತು ತುಂಬಿದ ಭೂಮಿಯೆಲ್ಲ ಅವನದು. ಅವನ ಸುಖ ಒಂದು ಮಾನುಷ ಆನಂದ. ಅದರ ನೂರರಷ್ಟು ಮನುಷ್ಯಗಂಧರ್ವರಿಗೆ, ಅದರ ನೂರರಷ್ಟು ದೇವಗಂಧರ್ವರಿಗೆ. ಹೀಗೆ ಪಿತೃಗಳು, ಮೂರು ಬಗೆಯ ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿ ಎಂದು ಏರುತ್ತ 10ನೆಯ ಮೆಟ್ಟಿಲಿಗೆ ಬ್ರಹ್ಮನ ಆನಂದ. ಗುಣಿಸಿದರೆ 1ರ ಮುಂದೆ 20 ಸೊನ್ನೆ! ಆದರೆ ಪ್ರತಿ ಮೆಟ್ಟಿಲಲ್ಲೂ ಒಂದು ಮಾತು ತಪ್ಪದೆ ಬರುತ್ತದೆ: ‘ಶ್ರೋತ್ರಿಯಸ್ಯ ಚಾಕಾಮಹತಸ್ಯ’. ವೇದ ಬಲ್ಲ, ಆಸೆಯ ಪೆಟ್ಟು ತಿನ್ನದ ಮನುಷ್ಯನಿಗೂ ಅಷ್ಟೇ ಆನಂದವಿದೆ. ಇಂದ್ರಲೋಕಕ್ಕೆ ಹೋಗಬೇಕಿಲ್ಲ, ಇಲ್ಲೇ, ಈ ಮೈಯಲ್ಲೇ. ಎಷ್ಟು ಧೈರ್ಯದ ಮಾತು! ಇಷ್ಟೆಲ್ಲ ಎಣಿಸಿದ ಮೇಲೆಯೇ ಉಪನಿಷತ್ತು ‘ಮಾತು ಹಿಂದಿರುಗಿತು’ ಎನ್ನುವುದು. ಹೋಗುವಷ್ಟು ದೂರ ಹೋದ ಮಾತಿಗೆ ಮಾತ್ರ ಮರಳುವ ಹಕ್ಕಿದೆ ಎಂದು ನನಗೆ ತೋರುತ್ತದೆ.

ಹಾಗಾದರೆ ಯಾವ ಭಯ ಹೋಗುತ್ತದೆ? ಆಲೂರು, ಸಕಲೇಶಪುರದ ಕಡೆ ಕತ್ತಲಾದ ಮೇಲೆ ಆನೆಯ ಭಯದಿಂದ ಮನೆ ಸೇರುವವರಿದ್ದಾರೆ. ಆನೆ ಎದುರಾದರೆ ಜ್ಞಾನಿಯೂ ದಾರಿ ಬಿಡಬೇಕು, ಬಿಡುತ್ತಾನೆ. ಅದು ಮೈ ಉಳಿಸಿಕೊಳ್ಳುವ ವಿವೇಕ. ಮಂತ್ರದ ಬೆನ್ನಿಗೇ ಬರುವ ಸಾಲು ಬೇರೊಂದು ಉರಿಯನ್ನು ಹೆಸರಿಸುತ್ತದೆ: ‘ನಾನು ಯಾಕೆ ಒಳ್ಳೆಯದನ್ನು ಮಾಡಲಿಲ್ಲ, ಯಾಕೆ ಪಾಪ ಮಾಡಿದೆ’ ಎಂಬ ತಾಪ ಇವನನ್ನು ಸುಡುವುದಿಲ್ಲ. ಸಾವು ಹತ್ತಿರವಾದಾಗ ಏಳುವ ಸಂಕಟವಿದು ಎನ್ನುತ್ತಾರೆ ಶಂಕರರು. ಹಿರಿಯರ ಹಾಸಿಗೆಯ ಪಕ್ಕ ಕುಳಿತವರಿಗೆ ಈ ಸಂಕಟದ ಗುರುತು ಇದ್ದೇ ಇರುತ್ತದೆ.

ಇದನ್ನು ಪಾಪಕ್ಕೆ ರಹದಾರಿ ಎಂದು ಯಾರೂ ತಿಳಿಯಬಾರದು. ‘ಸತ್ಯಂ ವದ, ಧರ್ಮಂ ಚರ’ ಎಂದು ಹೇಳಿದ್ದು ಇದೇ ಉಪನಿಷತ್ತು, ಅದೂ ಇದಕ್ಕೆ ಮೊದಲಿನ ಶಿಕ್ಷಾವಲ್ಲಿಯಲ್ಲಿ. ಆ ಬಾಗಿಲು ದಾಟಿಯೇ ಇಲ್ಲಿಗೆ ಬರಬೇಕು.

ಸಂಸ್ಕೃತ ಬಾರದವರು ಹಿಂಜರಿಯಬೇಕಾಗಿಲ್ಲ. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಕಟ್ಟಿದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿಗಳು ಶಾಂಕರ ಭಾಷ್ಯಗಳನ್ನು ಕನ್ನಡಕ್ಕೆ ತರಲು ಬಾಳನ್ನೇ ಸವೆಸಿದರು. ಓದುವವರು ಏಳನೆಯ ಅನುವಾಕದಿಂದ ಆರಂಭಿಸಿ, ಎಂಟನೆಯದನ್ನು ಗಟ್ಟಿಯಾಗಿ, ನಿಧಾನವಾಗಿ ಓದಿ, ಆಮೇಲೆ ಈ ಮಂತ್ರಕ್ಕೆ ಬನ್ನಿ. ನಮಸ್ಕಾರ.