ಕೂಟುಪುಳದ ಆಚೆ ದಡ

ಕೇಳುಗರಿಗೆ ನಮಸ್ಕಾರ.

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಘಾಟಿ ಇಳಿದರೆ ಕೂಟುಪುಳ ಸಿಗುತ್ತದೆ. ಈಚೆ ಕೊಡಗು, ಆಚೆ ಕಣ್ಣೂರು ಜಿಲ್ಲೆ. ಅಲ್ಲಿ ಬ್ರಿಟಿಷರ ಕಾಲದ ಕಿರಿದಾದ ಸೇತುವೆ. ಒಂದು ಲಾರಿ ದಾಟುವ ತನಕ ಎದುರಿನದು ಕಾಯಬೇಕಿತ್ತು. ಪಕ್ಕದಲ್ಲೇ ಕೇರಳದವರು ಹೊಸ ಸೇತುವೆ ಕಟ್ಟಲು ಹೊರಟರು. ವಿಶ್ವಬ್ಯಾಂಕಿನ ಸಾಲವೂ ಇತ್ತು. ಆದರೆ ಈಚೆ ದಡದ ಜಾಗ ಯಾರದ್ದು ಎಂಬ ತಕರಾರು ಎದ್ದು ಕೆಲಸ ನಿಂತುಬಿಟ್ಟಿತು. ಕೊನೆಗೂ ಸೇತುವೆ ತೆರೆದದ್ದು 2022ರ ಜನವರಿಯಲ್ಲಿ.

ಒಂದೇ ದೇಶದ ಎರಡು ರಾಜ್ಯಗಳ ಪಾಡೇ ಹೀಗೆ. ಇನ್ನು ದೇಶ ದೇಶಗಳ ನಡುವೆ ಹೇಗಿರಬೇಡ?

ಬಂಗಾಳದ ಪೆಟ್ರಾಪೋಲ್ ಗಡಿಯನ್ನೇ ನೋಡಿ. ನಮ್ಮ ಲಾರಿ ಗಡಿ ದಾಟಿ ಬಾಂಗ್ಲಾದೇಶದ ಬೆನಾಪೋಲ್ ತನಕ ಹೋಗುತ್ತದೆ, ಅಷ್ಟೇ. ಅಲ್ಲಿ ಸರಕು ಇಳಿಸಿ ಅವರ ಲಾರಿಗೆ ಏರಿಸಬೇಕು. 50 ಕಿಲೋ ರೊಬಸ್ಟಾ ಚೆರ್ರಿ ಕಾಫಿ ಮೂಟೆಗೆ ಹೆಗಲು ಕೊಟ್ಟವರಿಗೆ ಗೊತ್ತು, ಇಳಿಸಿ ಏರಿಸೋದು ಅಂದ್ರೆ ಏನು ಅಂತ.

ಇದಕ್ಕೆ ಒಂದು ಉಪಾಯ ಹಳೆಯದೇ. ಗಡಿ ದಾಟುವ ಸರಕು ಸಾಗಣೆಗಾಗಿ ಮಾಡಿಕೊಂಡ 1975ರ ಟಿಐಆರ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಸರಕು ಹೊರಡುವ ಊರಲ್ಲೇ ಕಸ್ಟಮ್ಸ್‌ನವರು ಲಾರಿಗೆ ಸೀಲ್ ಹಾಕುತ್ತಾರೆ. ದಾರಿಯಲ್ಲಿ ಒಪ್ಪಂದಕ್ಕೆ ಸೇರಿದ ಎಷ್ಟು ದೇಶ ಬಂದರೂ ಸೀಲ್ ಮತ್ತು ಕಾಗದ ನೋಡಿ ಬಿಡುತ್ತಾರೆ, ಸಾಮಾನ್ಯವಾಗಿ ಮೂಟೆ ಬಿಚ್ಚಿಸುವುದಿಲ್ಲ. ನಮ್ಮ ಕಾಫಿ ಕಂಟೇನರಿನಲ್ಲಿ ಹಡಗು ಹತ್ತಿ ಇಟಲಿಗೆ ಹೋಗುವುದೂ ಹೆಚ್ಚುಕಡಿಮೆ ಹೀಗೇ ಅಲ್ವಾ? ಭಾರತ ಈ ಒಪ್ಪಂದಕ್ಕೆ ಸೇರಿದ್ದು 2017ರಲ್ಲಿ. ಸ್ವಲ್ಪ ತಡವೇ ಆಯಿತು ಅನ್ನಿ.

ಇನ್ನೊಂದು ಪ್ರಯತ್ನ 2015ರ ಜೂನ್‌ನದು. ಬಾಂಗ್ಲಾದೇಶ, ಭೂತಾನ, ಭಾರತ, ನೇಪಾಳ ನಾಲ್ಕೂ ಥಿಂಪುವಿನಲ್ಲಿ ಕೂತು, ಒಬ್ಬರ ಗಾಡಿ ಇನ್ನೊಬ್ಬರ ರಸ್ತೆಯಲ್ಲಿ ಓಡಲಿ ಎಂದು ಸಹಿ ಹಾಕಿದವು. ಆಮೇಲೆ ಸಹಿ ಬಿದ್ದ ಊರಿನವರೇ ಹಿಂದೆ ಸರಿದರು. ಭೂತಾನದ ಸಂಸತ್ತು ಒಪ್ಪಲಿಲ್ಲ. ಹೊರಗಿನ ಗಾಡಿಗಳು ನುಗ್ಗಿದರೆ ನಮ್ಮ ಬೆಟ್ಟ, ಕಾಡು, ಸಣ್ಣ ರಸ್ತೆಗಳ ಗತಿ ಏನು ಎಂಬ ಭಯ ಅವರದ್ದು.

ದೆಹಲಿಯಲ್ಲಿ ಕೂತವರಿಗೆ ಅದು ಸುಮ್ನೆ ಹಠ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಸಾಲು ರಜೆ ಬಂದಾಗ ಮಡಿಕೇರಿಯ ರಾಜಾಸೀಟ್ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡವರು ನಾವು. ಆದರೆ ಅದೇ ನಾವು ಕಣ್ಣೂರಿನಲ್ಲಿ ವಿಮಾನ ಹತ್ತಲು ಹೋಗುವಾಗ, ಕೂಟುಪುಳದ ಹೊಸ ಸೇತುವೆ ಮೇಲೆ ಗಾಡಿ ನಿಧಾನಿಸದೆ ದಾಟುತ್ತೇವೆ.

ನಮಸ್ಕಾರ.