ಲಾಫಿ: ನೀರನ್ನು ಹೊರಗಿಟ್ಟವರ ಕತೆ

ಎಲ್ಲರಿಗೂ ನಮಸ್ಕಾರ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪೆಲ್ ನೋಡಿದವರು ಇಲ್ಲಿ ಹಲವರಿರಬೇಕು. ಅದು ಕ್ಷಿಪಣಿ ದೋಣಿ. ಅದನ್ನು ದಡಕ್ಕೆ ತಂದು ನಿಲ್ಲಿಸಿದ್ದಾರೆ. ನಾನು ಇವತ್ತು ಹೇಳಲು ಹೊರಟಿರುವ ಹಡಗೂ ಮ್ಯೂಸಿಯಮ್ಮೇ. ಆದರೆ ಅದು ಇನ್ನೂ ನೀರಿನಲ್ಲಿದೆ. ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ, ಚಾರ್ಲ್ಸ್‌ಟನ್ ಬಂದರಿನ ಪೇಟ್ರಿಯಟ್ಸ್ ಪಾಯಿಂಟ್‌ನಲ್ಲಿ ನಿಂತಿರುವ ಯುಎಸ್‌ಎಸ್ ಲಾಫಿ. ಡೆಸ್ಟ್ರಾಯರ್ ಜಾತಿಯ ಯುದ್ಧನೌಕೆ. ದಡದಲ್ಲಿದ್ದರೇನು, ನೀರಿನಲ್ಲಿದ್ದರೇನು ಅಂತ ಅನ್ನಿಸಬಹುದು. ತುಂಬ ವ್ಯತ್ಯಾಸವಿದೆ. ಲಾಫಿಯ ಕತೆಯೆಲ್ಲ ಆ ವ್ಯತ್ಯಾಸದಲ್ಲೇ ಇದೆ.

ಡೆಸ್ಟ್ರಾಯರ್ ಅಂದರೆ ಓಡುವ ಹಡಗು. ಲಾಫಿಯ ಉದ್ದ 376 ಅಡಿ, ವೇಗ ಸುಮಾರು 34 ನಾಟ್ (ಗಂಟೆಗೆ ಸುಮಾರು 63 ಕಿಲೋಮೀಟರ್), ಒಳಗೆ 336 ಜನ. ದೊಡ್ಡ ಯುದ್ಧನೌಕೆಗಳಿಗೆ ಇರುವಂಥ ದಪ್ಪ ಉಕ್ಕಿನ ಕವಚ ಇದಕ್ಕಿಲ್ಲ. ಕವಚ ಹೊತ್ತರೆ ಓಡಲು ಆಗುವುದಿಲ್ಲ. ಅಮೆರಿಕದ ನಾವಿಕರು ಪ್ರೀತಿಯಿಂದಲೇ ಇವನ್ನು 'ತಗಡಿನ ಡಬ್ಬಿ' ಅಂತ ಕರೆಯುತ್ತಿದ್ದರು. ಡಬ್ಬಿಗೆ ತೂತು ಬೀಳುವುದು ಸುಲಭ. ಬಾಂಬು ತೂತು ಮಾಡುತ್ತದೆ ಅಷ್ಟೆ, ಮುಳುಗಿಸುವುದು ನೀರು. ಅದಕ್ಕೇ ಒಳಗಡೆ ಅಡ್ಡಗೋಡೆ ಹಾಕಿ ಹಲವು ಕೋಣೆ ಮಾಡಿರುತ್ತಾರೆ. ಒಂದು ಕೋಣೆ ತುಂಬಿದರೂ ಪಕ್ಕದ್ದು ಒಣಗಿರಬೇಕು. ಇನ್ನೊಂದು ಸಂಕಟವಿದೆ. ಬೆಂಕಿ ಆರಿಸಲು ಸುರಿದ ನೀರೂ ಒಳಗೇ ನಿಂತುಬಿಡುತ್ತದೆ. ಅದನ್ನು ಪಂಪು ಮಾಡಿ ಹೊರಹಾಕದಿದ್ದರೆ, ಬೆಂಕಿ ಆರಿಸಿದವರೇ ಹಡಗನ್ನು ಮುಳುಗಿಸಿದಂತೆ ಆಗುತ್ತದೆ.

ಈ ಸತ್ಯವನ್ನು ಮೈಮೇಲೆ ಅನುಭವಿಸಿದವರು ಲಾಫಿಯ ಮೊದಲ ಕ್ಯಾಪ್ಟನ್ ಫ್ರೆಡರಿಕ್ ಜೂಲಿಯನ್ ಬೆಕ್ಟನ್. ಎರಡನೇ ಮಹಾಯುದ್ಧದ ನಡುವೆ, 1943ರ ಏಪ್ರಿಲ್ 7ರಂದು ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಬಳಿ ಅವರ ಆಗಿನ ಹಡಗು ಆರನ್ ವಾರ್ಡ್ ಮೇಲೆ ಜಪಾನಿನ ವಿಮಾನಗಳು ಬಾಂಬು ಹಾಕಿದವು. ಗಂಟೆಗಟ್ಟಲೆ ನೀರಿನ ಜೊತೆ ಗುದ್ದಾಡಿದರು. ಬೇರೆ ಹಡಗು ಅದನ್ನು ಎಳೆದುಕೊಂಡು ಹೊರಟಿತ್ತು. ನೀರು ಆಳವಿಲ್ಲದ ಜಾಗ ಇನ್ನು ಕೆಲವೇ ನೂರು ಗಜ ಅನ್ನುವಾಗ ಅದು ಮುಳುಗಿತು. 1944ರ ಫೆಬ್ರವರಿ 8ರಂದು ಲಾಫಿ ನೌಕಾಪಡೆ ಸೇರಿದಾಗ ಅದರ ಬ್ರಿಜ್‌ನಲ್ಲಿ, ಅಂದರೆ ಹಡಗು ನಡೆಸುವ ಜಾಗದಲ್ಲಿ, ನಿಂತದ್ದು ಈ ಮನುಷ್ಯ. ಲಾಫಿ ಅನ್ನುವ ಹೆಸರೂ ನೋವಿನದ್ದೇ. ಅದೇ ಹೆಸರಿನ ಹಿಂದಿನ ಡೆಸ್ಟ್ರಾಯರ್ 1942ರ ನವೆಂಬರ್‌ನಲ್ಲಿ ಗ್ವಾಡಲ್‌ಕನಾಲ್ ಕಾಳಗದಲ್ಲಿ ಮುಳುಗಿತ್ತು.

ಹೊಸ ಲಾಫಿ ಹುಟ್ಟಿದ್ದು ಮೇನ್ ರಾಜ್ಯದ ಬಾತ್ ಊರಿನಲ್ಲಿ. ಕೆಲವೇ ತಿಂಗಳಲ್ಲಿ ಅದು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿತ್ತು. ಜೂನ್ 25ರಂದು ಶೆರ್ಬೋರ್ ಬಂದರಿನ ಮೇಲೆ ಗುಂಡು ಹಾರಿಸುವಾಗ ಜರ್ಮನರ ಒಂದು ಶೆಲ್ ಪುಟಿದು ಬಂದು ಹಡಗಿಗೆ ಬಡಿಯಿತು. ನೀರಿನ ಮಟ್ಟಕ್ಕಿಂತ ಮೇಲೆ. ಸಿಡಿಯಲಿಲ್ಲ. ಅಲ್ಲಿಂದ ಪೆಸಿಫಿಕ್‌ಗೆ ಹೋಯಿತು. ಫಿಲಿಪೀನ್ಸ್, ಐವೋ ಜಿಮಾ, ಆಮೇಲೆ ಜಪಾನಿನ ದಕ್ಷಿಣದ ದ್ವೀಪ ಓಕಿನಾವಾ.

ಓಕಿನಾವಾದಲ್ಲಿ ಸ್ವಲ್ಪ ನಿಲ್ಲೋಣ.

ದ್ವೀಪದ ಸುತ್ತ ದೂರದೂರದಲ್ಲಿ ಡೆಸ್ಟ್ರಾಯರ್‌ಗಳನ್ನು ಕಾವಲಿಗೆ ನಿಲ್ಲಿಸಿದ್ದರು. ವಿಮಾನಗಳು ಬರುವುದನ್ನು ರೇಡಾರ್‌ನಲ್ಲಿ ಮೊದಲೇ ನೋಡಿ ದೊಡ್ಡ ಹಡಗುಗಳಿಗೆ ತಿಳಿಸುವುದು ಅವುಗಳ ಕೆಲಸ. ಹೊಲದ ಅಂಚಿನ ಮಂಚಿಕೆಯಲ್ಲಿ ಒಬ್ಬನೇ ಕೂತ ಕಾವಲುಗಾರನಂತೆ. ಲಾಫಿಗೆ ಸಿಕ್ಕಿದ್ದು ಒಂದನೇ ನಂಬರಿನ ಕಾವಲು, ಉತ್ತರಕ್ಕೆ. ಜಪಾನಿನಿಂದ ಹೊರಟವರಿಗೆ ಮೊದಲು ಕಣ್ಣಿಗೆ ಬೀಳುವ ಜಾಗ. 1945ರ ಏಪ್ರಿಲ್ 16ರ ಬೆಳಿಗ್ಗೆ ರೇಡಾರ್ ಪರದೆಯಲ್ಲಿ ಸುಮಾರು 50 ವಿಮಾನಗಳು ಕಂಡವು. ಎಂಟೂವರೆ ಹೊತ್ತಿಗೆ ದಾಳಿ ಶುರುವಾಯಿತು.

ಸುಮಾರು 80 ನಿಮಿಷದಲ್ಲಿ 22 ವಿಮಾನಗಳು ಈ ಒಂದೇ ಹಡಗಿನ ಮೇಲೆ ಎರಗಿದವು. ಅವುಗಳಲ್ಲಿ ಹೆಚ್ಚಿನವು ಕಾಮಿಕಾಝೆ, ಅಂದರೆ ವಿಮಾನದ ಸಮೇತ ಬಂದು ಅಪ್ಪಳಿಸುವವರು. ಒಳಗೆ ಕೂತವರೂ ಎಳೆಯ ಹುಡುಗರೇ. ಅದನ್ನೂ ನಾವು ಮರೆಯಬಾರದು. ಲಾಫಿಯ ಹಿಂಭಾಗ ಒಂದರ ಮೇಲೊಂದು ಏಟು ತಿಂದಿತು. ಒಂದು ಬಾಂಬು ಚುಕ್ಕಾಣಿಯನ್ನು ಎಡಕ್ಕೆ ತಿರುಗಿದ ಹಾಗೇ ಜಾಮ್ ಮಾಡಿಬಿಟ್ಟಿತು. ಆಮೇಲೆ ಹಡಗು ನೇರ ಹೋಗಲಾರದು. ಗಾಣದ ಎತ್ತಿನಂತೆ ಅಲ್ಲೇ ಸುತ್ತು ಹೊಡೆಯಬೇಕು. ವೇಗ ಹೆಚ್ಚು ಕಡಿಮೆ ಮಾಡುವುದೊಂದೇ ಬೆಕ್ಟನ್ ಕೈಯಲ್ಲಿ ಉಳಿದಿತ್ತು. ಜೋರಾಗಿ ಓಡಿಸಿದರೆ ಗಾಳಿಗೆ ಬೆಂಕಿ ಹೆಚ್ಚುತ್ತದೆ. ನಿಧಾನ ಮಾಡಿದರೆ ವಿಮಾನಗಳಿಗೆ ಗುರಿ ಸುಲಭ. ಯಾವುದನ್ನು ಆರಿಸುತ್ತೀರಿ?

ಹಡಗು ಬಿಟ್ಟು ಹೋಗಬೇಕಾಗಬಹುದೇ ಅಂತ ಒಬ್ಬ ಅಧಿಕಾರಿ ಕೇಳಿದರು. ಒಂದೇ ಒಂದು ಫಿರಂಗಿ ಕೆಲಸ ಮಾಡುತ್ತಿದ್ದರೂ ಬಿಡುವುದಿಲ್ಲ ಅಂದರು ಬೆಕ್ಟನ್. ಈ ಮಾತು ತುಂಬ ಪ್ರಸಿದ್ಧ. ನನಗೆ ಅದಕ್ಕಿಂತ ಜಾಸ್ತಿ ನೆನಪಿಗೆ ಬರುವುದು ಡೆಕ್ಕಿನ ಕೆಳಗೆ ನಡೆದದ್ದು. ಇಬ್ಬರು ನಾವಿಕರು ಜನರೇಟರ್ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಕತ್ತಲೆ, ಹೊಗೆ, ಹೊರಗೆ ಬರಲು ದಾರಿಯಿಲ್ಲ. ಗೋಡೆಯಾಚೆ ಇದ್ದ ಗೆಳೆಯರು ಸುತ್ತಿಗೆ, ಉಳಿ ಹಿಡಿದು ಉಕ್ಕಿನ ಗೋಡೆಗೇ ಸಣ್ಣ ತೂತು ಕೊರೆದರು. ಅದರಲ್ಲಿ ಗಾಳಿಯ ಕೊಳವೆ ತೂರಿಸಿ ಉಸಿರು ಕೊಟ್ಟರು. ಆಮೇಲೆ ಜಾಗ ಕತ್ತರಿಸಿ ಇಬ್ಬರನ್ನೂ ಮೇಲೆಳೆದರು. ಮೇಲೆ ವಿಮಾನಗಳು ಎರಗುತ್ತಿರುವಾಗ, ಹಡಗು ಸುತ್ತುತ್ತಿರುವಾಗ, ಉಳಿ ಹಿಡಿದ ಕೈ ನಡುಗದೆ ಇದ್ದದ್ದು ಹೇಗೆ? ಈ ಘಟನೆ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ದಾಳಿ ಮುಗಿದಾಗ 32 ಜನ ಸತ್ತಿದ್ದರು, 71 ಜನ ಗಾಯಗೊಂಡಿದ್ದರು. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಬರೀ ನಾಲ್ಕು ಸಣ್ಣ 20 ಮಿಲಿಮೀಟರ್ ಫಿರಂಗಿಗಳು ಕೆಲಸ ಮಾಡುವ ಸ್ಥಿತಿಯಲ್ಲಿದ್ದವು. ಹಿಂಭಾಗ ನೀರಿನ ಮಟ್ಟಕ್ಕೆ ಇಳಿದಿತ್ತು. ಮ್ಯಾಕೂಂಬ್ ಅನ್ನುವ ಹಡಗು ಬಂದು ಎಳೆಯಿತು. ಆಮೇಲೆ ಎರಡು ಟಗ್ ದೋಣಿಗಳು ಪಂಪು ಹಚ್ಚಿ ನೀರು ಹೊರಹಾಕುತ್ತಾ ಎಳೆದವು. ಈ ಸಲ ಬೆಕ್ಟನ್ ಅವರ ಹಡಗು ದಡ ಮುಟ್ಟಿತು. ಲಾಫಿಗೆ 'ಸಾಯದ ಹಡಗು' ಅನ್ನುವ ಹೆಸರು ಬಂದದ್ದು ಹೀಗೆ. ತೇಪೆ ಹಾಕಿ ಅಮೆರಿಕಕ್ಕೆ ತಂದ ಮೇಲೆ, ಆ ಸುಟ್ಟ ಮೈಯನ್ನು ಸಿಯಾಟಲ್‌ನಲ್ಲಿ ಜನರಿಗೆ ತೋರಿಸಿದರು. ಒಂದು ಲೆಕ್ಕದಲ್ಲಿ ಅದು ಮ್ಯೂಸಿಯಂ ಆಗಿದ್ದು ಆವಾಗಲೇ.

1946ರಲ್ಲಿ ಬಿಕಿನಿ ದ್ವೀಪದ ಅಣುಬಾಂಬ್ ಪರೀಕ್ಷೆಗೆ ಅಳತೆ, ಮಾಹಿತಿ ಸಂಗ್ರಹಿಸಲು ಲಾಫಿಯನ್ನು ಕಳಿಸಿದರು. ಅಲ್ಲಿ ವಿಕಿರಣದಿಂದ ನೀರೇ ವಿಷವಾಗಿತ್ತು. ಹಡಗಿನ ನೀರೊಳಗಿನ ಮೈಯನ್ನೆಲ್ಲ ಮರಳು ಹೊಡೆದು ಉಜ್ಜಿ ಮತ್ತೆ ಬಣ್ಣ ಬಳಿದರು. ಉಪ್ಪುನೀರಿನ ಕೊಳವೆಗಳನ್ನು ಆಸಿಡ್ ಹಾಕಿ ತೊಳೆದರು, ಕೆಲವನ್ನು ಬದಲಾಯಿಸಿದರು. ಮುಂದೆ ಕೊರಿಯಾ ಯುದ್ಧ ಬಂತು. 1962ರಲ್ಲಿ ದೊಡ್ಡ ನವೀಕರಣವಾಯಿತು. ಜಲಾಂತರ್ಗಾಮಿ ಬೇಟೆಗೆ ಚಾಲಕನಿಲ್ಲದ ಸಣ್ಣ ಹೆಲಿಕಾಪ್ಟರ್ ಇಳಿಸಲು ಡೆಕ್ಕು ಕಟ್ಟಿದರು. ಇವತ್ತು ನೋಡಲು ಸಿಗುವುದು ಈ ರೂಪ. ಓಕಿನಾವಾದ ಲಾಫಿಯನ್ನೇ ಹುಡುಕಿಕೊಂಡು ಹೋದವರಿಗೆ ಸ್ವಲ್ಪ ಗೊಂದಲ ಆಗುತ್ತದೆ. ಹಡಗೂ ನಮ್ಮ ಹಾಗೆ, ಒಂದೇ ವಯಸ್ಸಿನಲ್ಲಿ ನಿಲ್ಲುವುದಿಲ್ಲ ಅಲ್ವಾ? 1975ರಲ್ಲಿ ಸೇವೆ ಮುಗಿಯಿತು, 1981ರಲ್ಲಿ ಮ್ಯೂಸಿಯಂ ಸೇರಿತು. ಅದರ ವರ್ಗದಲ್ಲಿ, ಅಂದರೆ ಅದೇ ನಕ್ಷೆಯಲ್ಲಿ, ಕಟ್ಟಿದ್ದು 58 ಹಡಗು. ಅಮೆರಿಕದಲ್ಲಿ ಈಗ ಉಳಿದಿರುವುದು ಇದೊಂದೇ.

ಲಾಫಿಗೆ ಕಷ್ಟ ತೀರಿತು ಅಂದುಕೊಂಡರೆ ತಪ್ಪು. ಸುಮ್ನೆ ನಿಂತ ಹಡಗನ್ನು ಉಪ್ಪುನೀರು ದಿನವೂ ತಿನ್ನುತ್ತದೆ. ಸೇವೆಯಲ್ಲಿದ್ದಾಗ ಡ್ರೈ ಡಾಕ್‌ಗೆ, ಅಂದರೆ ನೀರು ಖಾಲಿ ಮಾಡಿ ಹಡಗಿನ ತಳ ರಿಪೇರಿ ಮಾಡುವ ಕಟ್ಟೆಗೆ, ತಂದು ಕೆರೆದು ಬಣ್ಣ ಬಳಿಯುವ ಪದ್ಧತಿ ಇರುತ್ತದೆ. ಮ್ಯೂಸಿಯಂಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? 2008ರ ಕೊನೆಗೆ ನೋಡಿದಾಗ ಲಾಫಿಯ ಮೈಯಲ್ಲಿ ನೂರಕ್ಕೂ ಹೆಚ್ಚು ಕಡೆ ನೀರು ಸೋರುತ್ತಿತ್ತು. ರಾಜ್ಯ ಸರ್ಕಾರ ಸುಮಾರು 90 ಲಕ್ಷ ಡಾಲರ್ ಸಾಲ ಕೊಟ್ಟಿತು. 2009ರ ಆಗಸ್ಟ್‌ನಲ್ಲಿ ಡ್ರೈ ಡಾಕ್‌ಗೆ ಎಳೆದುಕೊಂಡು ಹೋಗಿ ತಳಕ್ಕೆ ಹೊಸ ಉಕ್ಕು ಬೆಸೆದರು. 2012ರ ಜನವರಿಯಲ್ಲಿ ಅದು ಪೇಟ್ರಿಯಟ್ಸ್ ಪಾಯಿಂಟ್‌ಗೆ ವಾಪಸ್ ಬಂತು. ಟಗ್ ದೋಣಿಗಳೇ ಈ ಸಲವೂ ಎಳೆದು ತಂದವು. ಇಷ್ಟು ದುಡ್ಡು ಹಳೇ ಕಬ್ಬಿಣಕ್ಕೆ ಯಾಕೆ ಅಂತ ಕೇಳುವವರು ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟೆ. 32 ಜನ ಪ್ರಾಣ ಕೊಟ್ಟು ಮುಳುಗಲು ಬಿಡದ ಹಡಗನ್ನು ದಕ್ಕೆಯಲ್ಲಿ ಮುಳುಗಲು ಬಿಡುವ ಹಕ್ಕು ನಮಗಿಲ್ಲ.

ದಕ್ಕೆಯಲ್ಲಿ ಮುಳುಗುವುದು ಬರೀ ಮಾತಲ್ಲ. 2022ರ ಏಪ್ರಿಲ್‌ನಲ್ಲಿ ಬಫಲೋ ನಗರದಲ್ಲಿ ಇನ್ನೊಂದು ಮ್ಯೂಸಿಯಂ ಡೆಸ್ಟ್ರಾಯರ್, ಐವರು ಅಣ್ಣತಮ್ಮಂದಿರ ನೆನಪಿಗೆ ಹೆಸರಿಟ್ಟ ದಿ ಸಲಿವನ್ಸ್, ನಿಂತಲ್ಲೇ ನೀರು ತುಂಬಿ ವಾಲಿತು. ಪಂಪು ಹಚ್ಚಿ ಎತ್ತಿ ನಿಲ್ಲಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪೇಟ್ರಿಯಟ್ಸ್ ಪಾಯಿಂಟ್‌ನಿಂದ ಕ್ಲಾಮಗೋರ್ ಅನ್ನುವ ಜಲಾಂತರ್ಗಾಮಿಯನ್ನು ಗುಜರಿಗೆ ಸಾಗಿಸಿದರು. ಅದೂ ಲಾಫಿಯ ಜೊತೆ 1981ರಿಂದ ಅಲ್ಲೇ ಇತ್ತು. ತುಕ್ಕು ಅದನ್ನು ಉಳಿಸಲಾಗದಷ್ಟು ತಿಂದುಬಿಟ್ಟಿತ್ತು.

ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ. ನಮಸ್ಕಾರ.