ಹೆದ್ದಾರಿಗೆ ಎಷ್ಟು ಬಾಗಿಲು? ಮೈಸೂರು ರಸ್ತೆಯ ಮೂರು ಮೀಟರ್ ಮಣ್ಣಿನ ಕಥೆ

[ದೃಶ್ಯ: ಅಂಡರ್‌ಪಾಸಲ್ಲಿ ಬಾಗಿಲವರೆಗೂ ನೀರು ತುಂಬಿಕೊಂಡು ನಿಂತ ಕಾರು. ಐದು ಸೆಕೆಂಡ್ ಮಾತಿಲ್ಲ, ಮಳೆಯ ಸದ್ದು ಮಾತ್ರ.]

2023ರ ಮಾರ್ಚ್ 12. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆಯ್ತು. ನಡುವೆ ಆರು ಪಥ, ಎರಡೂ ಕಡೆ ಎರಡೆರಡು ಪಥದ ಸರ್ವೀಸ್ ರೋಡ್, ಸುಮಾರು 118 ಕಿಲೋಮೀಟರ್. ಅದಾಗಿ ಒಂದು ವಾರ ತುಂಬಿರಲಿಲ್ಲ. ಒಂದು ರಾತ್ರಿ ಬೇಸಿಗೆ ಮಳೆ ಬಂತು. ಬೆಳಗ್ಗೆ ನೋಡಿದ್ರೆ ರಾಮನಗರದ ಹತ್ತಿರ ಸಂಗಬಸವನದೊಡ್ಡಿ ಅಂಡರ್‌ಪಾಸಲ್ಲಿ ನೀರು ನಿಂತುಬಿಟ್ಟಿದೆ. ಟೀವಿಯಲ್ಲಿ ದಿನವಿಡೀ ಅದೇ. ಕಾಮಗಾರಿ ಕಳಪೆ ಅಂತ ಒಬ್ಬರು, ಅವಸರದ ಉದ್ಘಾಟನೆ ಅಂತ ಇನ್ನೊಬ್ಬರು.

ಆ ಗಲಾಟೆ ಮಧ್ಯೆ ಹೆದ್ದಾರಿ ಪ್ರಾಧಿಕಾರ ಒಂದು ವಿವರಣೆ ಕೊಡ್ತು. ಮಾದಾಪುರ ಮತ್ತು ಅಕ್ಕಪಕ್ಕದ ಊರಿನವರು ಹೊಲಕ್ಕೆ, ಊರಿಗೆ ಹೋಗೋಕೆ ಅಂತ ರಸ್ತೆ ಪಕ್ಕದ ಚರಂಡಿಗೆ ಮೂರು ಮೀಟರಿನಷ್ಟು ಮಣ್ಣು ಸುರಿದು ದಾರಿ ಮಾಡ್ಕೊಂಡಿದ್ದಾರೆ, ಅದಕ್ಕೇ ನೀರು ಹರಿದು ಹೋಗೋಕೆ ಜಾಗ ಇಲ್ಲದೆ ರಸ್ತೆಗೆ ಬಂತು ಅಂತ. ಇದನ್ನ ಓದಿ ಬಹಳ ಜನ ನಕ್ಕರು. ನಾನು ನಗಲಿಲ್ಲ. ಮೂರು ಮೀಟರ್ ಅಂದ್ರೆ ಒಂದು ಟ್ರ್ಯಾಕ್ಟರ್ ಹೋಗುವಷ್ಟು ಜಾಗ. ಹೊಲ ಈ ಕಡೆ, ರಸ್ತೆ ಆ ಕಡೆ, ನಡುವೆ ಚರಂಡಿ. ಅವರಿಗೆ ಬೇಕಾಗಿದ್ದು ಒಂದು ಬಾಗಿಲು.

ಇವತ್ತಿನ ವಿಡಿಯೋ ಆ ಬಾಗಿಲಿನ ಬಗ್ಗೆ. ಹೆದ್ದಾರಿಗೆ ಎಲ್ಲಿ ಬಾಗಿಲು ಇಡಬೇಕು, ಯಾರಿಗೆ, ಎಷ್ಟು ಅಗಲಕ್ಕೆ?

[ದೃಶ್ಯ: ಹಳೆ ಮೈಸೂರು ರಸ್ತೆ, ಬಿಡದಿ. ಎರಡೂ ಕಡೆ ಹೋಟೆಲ್ ಬೋರ್ಡುಗಳು.]

ಮೊದಲು ಹಳೆ ರಸ್ತೆಗೆ ಬನ್ನಿ. ಆಗ ಅದು ರಾಜ್ಯ ಹೆದ್ದಾರಿ 17, ಊರುಗಳ ಮಧ್ಯದಲ್ಲೇ ಹಾದು ಹೋಗ್ತಿತ್ತು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಗೊಂಬೆ, ಮದ್ದೂರಲ್ಲಿ ವಡೆ, ಮಂಡ್ಯ ದಾಟುವಾಗ ಕಬ್ಬಿನ ಹಾಲು. ಮೈಸೂರಿಗೆ ಹೋಗೋದು ಅಂದ್ರೆ ಅರ್ಧ ಕೆಲಸ ತಿನ್ನೋದೇ. ಪ್ರತಿ ಅಂಗಡಿಯೂ ನೇರವಾಗಿ ರಸ್ತೆಗೇ ತೆರೆದುಕೊಂಡಿತ್ತು. ಗೇಟು ಅಂತ ಏನೂ ಇರ್ತಿರಲಿಲ್ಲ, ಅಂಗಡಿಯ ಇಡೀ ಮುಂಭಾಗವೇ ಗೇಟು. ಕಾರು ಎಲ್ಲಿಂದ ಬೇಕಾದ್ರೂ ಒಳಗೆ ನುಗ್ಗಬಹುದು, ಎಲ್ಲಿಂದ ಬೇಕಾದ್ರೂ ಹಿಮ್ಮುಖವಾಗಿ ಹೊರಗೆ ಬರಬಹುದು.

ಈಗ ಒಂದು ಕ್ಷಣ ಹಿಡಿದು ನೋಡೋಣ. ಬೆಳಗ್ಗೆ ಎಂಟು ಗಂಟೆ, ಕಾರಲ್ಲಿ ನಾಲ್ಕು ಜನ, 80ರ ವೇಗ. ಹಿಂದಿನ ಸೀಟಿನಿಂದ ಒಂದು ಕೂಗು: "ರೀ, ಇಲ್ಲೇ ಇಲ್ಲೇ, ಇಡ್ಲಿ ಹೋಟ್ಲು!" ಯಜಮಾನರು ಬ್ರೇಕ್ ಒತ್ತುತ್ತಾರೆ. ಹಿಂದೆ ಬರ್ತಿರೋ ವ್ಯಾನಿನ ಚಾಲಕನಿಗೆ ಈ ಇಡ್ಲಿಯ ಸಂಗತಿ ಗೊತ್ತಿಲ್ಲ. ರಸ್ತೆ ವಿನ್ಯಾಸ ಮಾಡುವವರು ಮನುಷ್ಯ ನೋಡಿ, ಅರ್ಥ ಮಾಡ್ಕೊಂಡು, ಕಾಲು ಬ್ರೇಕಿಗೆ ಇಡೋಕೆ ಎರಡೂವರೆ ಸೆಕೆಂಡ್ ಅಂತ ಲೆಕ್ಕ ಹಿಡೀತಾರೆ. 80ರ ವೇಗದಲ್ಲಿ ಅಷ್ಟರಲ್ಲಿ ಗಾಡಿ 55 ಮೀಟರ್ ಹೋಗಿರುತ್ತೆ, ಇನ್ನೂ ಬ್ರೇಕೇ ಹಿಡಿದಿಲ್ಲ. ಪೂರ್ತಿ ನಿಲ್ಲೋಕೆ 120 ಮೀಟರ್ ಬೇಕು. ವ್ಯಾನು ನಿಲ್ಲುವಷ್ಟರಲ್ಲಿ ಹತ್ತು ಅಂಗಡಿ ದಾಟಿರುತ್ತೆ, ಪ್ರತಿ ಅಂಗಡಿ ಮುಂದೆಯೂ ಇದೇ ನಾಟಕ ನಡೀತಿರುತ್ತೆ.

ಇಲ್ಲೊಂದು ತಮಾಷೆ ಇದೆ. ಮದ್ದೂರು ವಡೆ ಹುಟ್ಟಿದ್ದು ರೈಲು ನಿಲ್ದಾಣದಲ್ಲಿ. ರೈಲು ಎಲ್ಲಿ ನಿಲ್ಲುತ್ತೆ ಅಂತ ಗಿರಾಕಿಗೂ ಗೊತ್ತು, ವಡೆ ಮಾರೋರಿಗೂ ಗೊತ್ತು, ಚಾಲಕನಿಗಂತೂ ಗೊತ್ತೇ ಇದೆ. ಅದೇ ವಡೆ ರಸ್ತೆಗೆ ಬಂದಾಗ ನಿಲ್ಲೋ ಜಾಗ ಎಲ್ಲ ಕಡೆಯೂ ಆಯ್ತು.

[ದೃಶ್ಯ: ಬಿಳಿ ಹಲಗೆ. ರಸ್ತೆಯ ಚಿತ್ರ, ಗಾಡಿಗಳ ಹಾದಿ ಬಾಣದ ಗುರುತಿನಲ್ಲಿ. ಹಾದಿಗಳು ಸೇರುವಲ್ಲಿ ಕೆಂಪು ಚುಕ್ಕೆ.]

ಪೆನ್ನು ಹಿಡ್ಕೊಂಡು ಬಂದಿದ್ದೀನಿ. ಎರಡು ಗಾಡಿಗಳ ಹಾದಿ ಸೇರುವ, ಅಗಲುವ, ಅಥವಾ ಅಡ್ಡ ಬರುವ ಜಾಗಕ್ಕೆಲ್ಲ ಒಂದು ಚುಕ್ಕೆ ಇಡೋಣ. ಸಾಮಾನ್ಯ ನಾಲ್ಕು ರಸ್ತೆ ಕೂಡುವ ಸರ್ಕಲ್ಲಿಗೆ 32 ಚುಕ್ಕೆ ಬರುತ್ತೆ. ಒಂದು ರಸ್ತೆಗೆ ಇನ್ನೊಂದು ಪಕ್ಕದಿಂದ ಬಂದು ಕೂಡಿದ್ರೆ 9. ನಿಮ್ಮ ಪೆಟ್ರೋಲ್ ಬಂಕು, ಗೋಡೌನು, ಕಲ್ಯಾಣ ಮಂಟಪದ ಗೇಟಿನ ಎದುರು ಡಿವೈಡರ್ ಒಡೆದು ದಾರಿ ಬಿಟ್ಟಿದ್ರೆ, ಆ ಗೇಟಿಗೂ ಇದೇ 9. ಎದುರುಗಡೆಯವರೂ ಅದೇ ಜಾಗಕ್ಕೆ ಗೇಟು ಇಟ್ಟರೆ? ಹೌದು, 32. ಸಿಗ್ನಲ್ ಇಲ್ಲದ, ಪೊಲೀಸ್ ಇಲ್ಲದ ಒಂದು ಸರ್ಕಲ್ ಅಲ್ಲಿ ಹುಟ್ಟಿತು.

ಈಗ ಡಿವೈಡರ್ ಮುಚ್ಚಿಬಿಡೋಣ. ಎಡದಿಂದ ಒಳಗೆ, ಎಡಕ್ಕೇ ಹೊರಗೆ, ಅಷ್ಟೇ. ಎಷ್ಟು ಚುಕ್ಕೆ ಉಳೀತು? ಎರಡು. ಒಂದು ಅಗಲುವಲ್ಲಿ, ಒಂದು ಸೇರುವಲ್ಲಿ. ಅಡ್ಡ ಹಾಯುವ ಚುಕ್ಕೆ ಒಂದೂ ಇಲ್ಲ. ಪಕ್ಕಕ್ಕೆ ಬಂದು ಗುದ್ದುವ ಆ ಭೀಕರ ಅಪಘಾತಗಳು ಆಗೋದು ಅಡ್ಡ ಹಾಯುವಲ್ಲೇ.

ಹಾಗಾದ್ರೆ ಎಲ್ಲ ಕಟ್ ಮುಚ್ಚಿದ್ರೆ ಆಯ್ತಲ್ಲ? ಇಲ್ಲಿ ಎಂಜಿನಿಯರುಗಳ ಜೊತೆ ನನ್ನ ಜಗಳ ಶುರುವಾಗುತ್ತೆ.

[ದೃಶ್ಯ: ಟಿವಿಎಸ್ ಗಾಡಿ, ಎರಡೂ ಕಡೆ ಹಾಲಿನ ಕ್ಯಾನು. ಎದುರು ದಿಕ್ಕಿನಲ್ಲಿ, ರಸ್ತೆಯ ಅಂಚಲ್ಲಿ.]

ಇವರನ್ನ ನೀವೂ ನೋಡಿರ್ತೀರಿ, ಬಯ್ದೂ ಇರ್ತೀರಿ. ರಾಂಗ್ ಸೈಡಲ್ಲಿ ಬರ್ತಿದ್ದಾರೆ. ಇವರ ಲೆಕ್ಕ ಮಾಡೋಣ. ಮನೆ ಮತ್ತು ಹಾಲಿನ ಡೇರಿ ಎರಡೂ ರಸ್ತೆಯ ಒಂದೇ ಬದಿ. ಡೇರಿ 400 ಮೀಟರ್ ಹಿಂದಕ್ಕಿದೆ. ಡಿವೈಡರಿನ ಕಟ್‌ಗಳು ಎರಡು ಕಿಲೋಮೀಟರಿಗೊಂದು, ಮನೆ ಸರಿಯಾಗಿ ನಡುವೆ ಅಂತ ಇಟ್ಕೊಳ್ಳಿ. ನಿಯಮದ ಪ್ರಕಾರ ಇವರು ಮುಂದೆ ಒಂದು ಕಿಲೋಮೀಟರ್ ಹೋಗಿ ಯೂ-ಟರ್ನ್ ಮಾಡಬೇಕು. ವಾಪಸ್ ತನ್ನ ಮನೆ ಎದುರಿಗೇ ಹಾದು ಎರಡು ಕಿಲೋಮೀಟರ್ ಹೋಗಿ ಇನ್ನೊಂದು ಯೂ-ಟರ್ನ್. ಅಲ್ಲಿಂದ 600 ಮೀಟರ್. ಒಟ್ಟು 3.6 ಕಿಲೋಮೀಟರ್. ಅಡ್ಡದಾರಿ 400 ಮೀಟರ್. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ವರ್ಷವಿಡೀ. ಜೊತೆಗೆ ಆ ಎರಡು ಯೂ-ಟರ್ನಲ್ಲೂ ಲಾರಿಗಳ ಎದುರು ಕ್ಯಾನು ಹೊತ್ಕೊಂಡು ತಿರುಗಬೇಕು. ನಿಮಗೆ ಕೇಳ್ತೀನಿ, ಕ್ಯಾಮೆರಾ ಇಲ್ಲದಿದ್ರೆ ನೀವು ಯಾವ ದಾರಿ ಹಿಡೀತಿದ್ರಿ? ದಂಡ ಹಾಕಿ ಇದನ್ನ ನಿಲ್ಲಿಸ್ತೀನಿ ಅನ್ನೋರು ಒಂದು ವಾರ ಆ ಟಿವಿಎಸ್ ಓಡಿಸಲಿ.

ಕಟ್ ಮುಚ್ಚುವ ಮೊದಲು ಪಕ್ಕದಲ್ಲಿ ಓಡಾಡೋಕೆ ದಾರಿ ಕೊಡಬೇಕು. ಸರ್ವೀಸ್ ರೋಡ್ ಇರೋದೇ ಅದಕ್ಕೆ. ದೂರ ಹೋಗೋರು ನಡುವಿನ ರಸ್ತೆಯಲ್ಲಿ, ಮನೆಗೆ, ಹೊಲಕ್ಕೆ, ಅಂಗಡಿಗೆ ಹೋಗೋರು ಪಕ್ಕದ ರಸ್ತೆಯಲ್ಲಿ, ಎರಡೂ ಕೂಡೋದು ಗೊತ್ತು ಮಾಡಿದ ಕೆಲವೇ ಜಾಗಗಳಲ್ಲಿ. ಆದ್ರೆ ನಮ್ಮಲ್ಲಿ ಸರ್ವೀಸ್ ರೋಡ್ ಹೇಗಿರುತ್ತೆ ನೋಡಿ. ಅರ್ಧ ಕಡೆ ಲಾರಿ ನಿಂತಿರುತ್ತೆ. ಸೇತುವೆ ಬಂದ ಕಡೆ ರಸ್ತೆ ಮಾಯ, ಎಲ್ಲರನ್ನೂ ಮತ್ತೆ ಹೆದ್ದಾರಿಗೇ ದಬ್ಬಿಬಿಡುತ್ತೆ.

[ದೃಶ್ಯ: ಕಾನೂನಿನ ಪುಟದ ಮೇಲೆ ಓಡುವ ಗೆರೆ.]

ಕಾನೂನು ಏನು ಹೇಳುತ್ತೆ? 2002ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಜಮೀನು ಮತ್ತು ಸಂಚಾರ ನಿಯಂತ್ರಣಕ್ಕೆ ಒಂದು ಕಾಯ್ದೆ ಬಂತು. ಅದರ 28ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ಯಾರಿಗೂ ಹೆದ್ದಾರಿಗೆ ಪ್ರವೇಶದ ಹಕ್ಕಿಲ್ಲ. ವಾಹನದಲ್ಲಿ ಮಾತ್ರ ಅಲ್ಲ, ಐದು ಅಥವಾ ಹೆಚ್ಚು ಜನ ಗುಂಪಾಗಿ ನಡೆದು ಬಂದ್ರೂ ಅಷ್ಟೇ! ನಾಲ್ಕು ಜನ ಆದ್ರೆ ಪರವಾಗಿಲ್ಲ. ನಮ್ಮ ಕಡೆ ದೇವರ ಮೆರವಣಿಗೆ, ಮದುವೆ ದಿಬ್ಬಣ ಎಲ್ಲ ಇದರ ಲೆಕ್ಕಕ್ಕೆ ಬರುತ್ತೆ. ಅಂದ್ರೆ "ನನ್ನ ಜಮೀನು ರಸ್ತೆಗೆ ತಾಗಿದೆ, ಗೇಟು ಇಡೋದು ನನ್ನ ಹಕ್ಕು" ಅನ್ನುವ ಮಾತು ರಾಷ್ಟ್ರೀಯ ಹೆದ್ದಾರಿಯಲ್ಲಿ ನಡೆಯಲ್ಲ.

ಈ ಅನುಮತಿ ಕಟ್ಟುನಿಟ್ಟಾಗಿ ಕಾಣೋದು ಪೆಟ್ರೋಲ್ ಬಂಕಲ್ಲಿ. ಮುಂದಿನ ಸಲ ಹೆದ್ದಾರಿ ಬಂಕಿಗೆ ಹೋದಾಗ ಟಾಯರ್ ಕೆಳಗೆ ನೋಡಿ. ಬಂಕಿಗೆ ಮುಂಚೆ ಸುಮಾರು 70 ಮೀಟರ್ ಉದ್ದದ ಒಂದು ಪಟ್ಟಿ ಎಡಕ್ಕೆ ಸರಿದಿರಬೇಕು. ವೇಗ ಇಳಿಸೋದು ಅದರ ಮೇಲೆ, ಹೆದ್ದಾರಿ ಮೇಲೆ ಅಲ್ಲ. ಹೊರಗೆ ಬರುವಾಗ 100 ಮೀಟರಿನ ಇನ್ನೊಂದು ಪಟ್ಟಿ, ವೇಗ ಏರಿಸಿಕೊಂಡು ಸೇರೋಕೆ. ಪಟ್ಟಿಯ ಅಗಲ ಐದೂವರೆ ಮೀಟರ್. ಹತ್ತಿರ ಹತ್ತಿರ ಎರಡು ಬಂಕ್ ಬಂದ್ರೆ ಎರಡಕ್ಕೂ ಸೇರಿ ಒಂದೇ ಸರ್ವೀಸ್ ರೋಡು, ಒಂದೇ ಬಾಗಿಲು. ಬಂಕಿಗೆ ಇಷ್ಟೆಲ್ಲ ಕೇಳುವ ವ್ಯವಸ್ಥೆ ಪಕ್ಕದಲ್ಲೇ ಇರುವ, ಬಂಕಿಗಿಂತ ನಾಲ್ಕು ಪಟ್ಟು ಗಾಡಿ ಬರುವ ಹೋಟೆಲಿನ ಹತ್ರ ಬಂದಾಗ ಕಣ್ಣು ಮುಚ್ಚಿಕೊಂಡಿರೋದನ್ನ ನಾನು ಬಹಳ ಕಡೆ ನೋಡಿದ್ದೀನಿ.

[ದೃಶ್ಯ: ಕಲ್ಯಾಣ ಮಂಟಪದ ಗೇಟು, ಹೂವಿನ ಕಮಾನು. ಕಾವಲುಗಾರನ ಕೈಯಲ್ಲಿ ಪಾರ್ಕಿಂಗ್ ಚೀಟಿ.]

ಕಲ್ಯಾಣ ಮಂಟಪದ ಉದಾಹರಣೆ ನನಗೆ ಬಹಳ ಇಷ್ಟ. ನೂರಾರು ಕಾರು ಒಂದೇ ಗಂಟೆಯಲ್ಲಿ ಬರುತ್ತೆ, ಯಾಕಂದ್ರೆ ಮುಹೂರ್ತ ಯಾರಿಗೂ ಕಾಯಲ್ಲ. ಗೇಟು ರಸ್ತೆಗೇ ಅಂಟಿಕೊಂಡಿದೆ. ಗೇಟಲ್ಲೇ ಒಬ್ಬರು ನಿಂತು ಪ್ರತಿ ಕಾರು ನಿಲ್ಲಿಸಿ ಚೀಟಿ ಕೊಡ್ತಾರೆ. ಎರಡನೇ ಕಾರು ಅಂಚಿನಲ್ಲಿ, ಮೂರನೆಯದು ಎಡ ಪಥದಲ್ಲಿ. ಹತ್ತನೆಯ ಕಾರಿನ ಹಿಂದೆ ಮೈಸೂರಿಗೆ ಹೊರಟ ಬಸ್ಸು. ಮದುವೆಗೂ ಆ ಬಸ್ಸಿಗೂ ಯಾವ ನೆಂಟಸ್ತನ? ಇದಕ್ಕೆ ಮೇಲ್ಸೇತುವೆ ಏನೂ ಬೇಡ. ಚೀಟಿ ಕೊಡೋರು ಗೇಟಿನಿಂದ 40 ಮೀಟರ್ ಒಳಗೆ ಹೋಗಿ ನಿಂತರೆ ಏಳೆಂಟು ಕಾರು ಕಾಂಪೌಂಡ್ ಒಳಗೇ ಸಾಲು ನಿಲ್ಲುತ್ತೆ. ಖರ್ಚು: ಒಂದು ಕುರ್ಚಿ, ಒಂದು ಛತ್ರಿ.

ಇನ್ನೊಂದು, ಇದು ಸ್ವಲ್ಪ ಕಷ್ಟ, ಯಾಕಂದ್ರೆ ಅಕ್ಕಪಕ್ಕದವರು ಮಾತಾಡಿಕೊಳ್ಳಬೇಕು. ಸಾಲಾಗಿ ಹೋಟೆಲು, ಗೊಂಬೆ ಅಂಗಡಿ, ಟಾಯರ್ ಅಂಗಡಿ ಇವೆ. ನಡುವಿನ ಕಾಂಪೌಂಡ್ ಗೋಡೆಯಲ್ಲಿ ಒಂದು ಕಾರು ಹೋಗುವಷ್ಟು ಜಾಗ ಬಿಟ್ಟರೆ ಇಡ್ಲಿ ತಿಂದವರು ರಸ್ತೆಗೆ ಇಳಿಯದೇ ಗೊಂಬೆ ಅಂಗಡಿಗೆ ಹೋಗಬಹುದು. ರಸ್ತೆಗೆ ಮೂರು ಬಾಗಿಲ ಬದಲು ಒಂದು. ಅಮೆರಿಕದ ಕೊಲರಾಡೊ ರಾಜ್ಯ 1981ರಲ್ಲೇ ಹೆದ್ದಾರಿ ಬಾಗಿಲುಗಳಿಗೆ ಅಂತಲೇ ನಿಯಮಾವಳಿ ತಂದಿತ್ತು. ನಾವು ಅಷ್ಟು ದೂರ ಹೋಗೋದು ಬೇಡ, ವಠಾರದ ಮನೆಗಳಲ್ಲಿ ಬೀದಿಗೆ ಒಂದೇ ಬಾಗಿಲು ಇಟ್ಕೊಂಡು ಬದುಕಿದವರು ನಾವು.

[ದೃಶ್ಯ: ಹೊಸ ಹೆದ್ದಾರಿ, ಬೇಲಿ. ಬೇಲಿಯಾಚೆ ಖಾಲಿ ಹೋಟೆಲು.]

ಹೊಸ ಹೆದ್ದಾರಿಗೆ ವಾಪಸ್ ಬರೋಣ. ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸ್. ನಡುವಿನ ರಸ್ತೆಗೆ ಬೇಲಿ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಕಾರುಗಳಿಗೆ 100ರ ಮಿತಿ, ಕ್ಯಾಮೆರಾ ಕಣ್ಣು. ದೂರ ಹೋಗೋರಿಗೆ ಇದು ಒಳ್ಳೆಯದೇ, ನಾನೂ ಅದರಲ್ಲೇ ಹೋಗ್ತೀನಿ. ಆದ್ರೆ ಹಳೆ ರಸ್ತೆಯ ಹೋಟೆಲಿನವರು, ಗೊಂಬೆ ಮಾರೋರು ಕಳ್ಕೊಂಡಿದ್ದು ಸಣ್ಣದಲ್ಲ. ಮೊದಲು ಬಾಗಿಲು ವಿಪರೀತ ಇತ್ತು, ಈಗ ಎಷ್ಟೋ ಊರಿಗೆ ಬಾಗಿಲೇ ದೂರ. "ಸ್ವಾಮಿ, ಗಾಡಿ ಕಣ್ಣಿಗೆ ಕಾಣುತ್ತೆ, ಆದ್ರೆ ಇಳಿಯೋ ದಾರಿ ಎಲ್ಲಿದೆ ಅಂತ ಅವರಿಗೇ ಗೊತ್ತಿಲ್ಲ." ಹಳೆ ರಸ್ತೆಯಲ್ಲಿ ಕಾಫಿ ಕುಡೀತಾ ನಾನು ಕೇಳಿಸಿಕೊಂಡ ಮಾತು. ಅವರು ಕೇಳ್ತಿದ್ದಿದ್ದು ಬೇಲಿ ಕಿತ್ತುಹಾಕಿ ಅಂತಲ್ಲ. ಇಳಿಯುವ ಜಾಗಕ್ಕೆ ಎರಡು ಕಿಲೋಮೀಟರ್ ಮೊದಲೇ ಊರಿನ ಹೆಸರು, ಅಲ್ಲೇನು ಸಿಗುತ್ತೆ ಅನ್ನೋ ಬೋರ್ಡು. ಹಿಂದಿನ ಸೀಟಿನ ಕೂಗು ಆಗ ಎರಡು ಕಿಲೋಮೀಟರ್ ಮುಂಚೆ ಬರುತ್ತೆ. ಹಿಂದಿನ ವ್ಯಾನಿಗೂ ಕ್ಷೇಮ.

[ದೃಶ್ಯ: ಮತ್ತೆ ಬಿಳಿ ಹಲಗೆ. ಚರಂಡಿಯ ಅಡ್ಡ ಸೀಳು ಚಿತ್ರ.]

ಸಂಗಬಸವನದೊಡ್ಡಿ ಹತ್ರ ಕೊನೆಗೆ ಏನಾಯ್ತು ಅಂತ ಹೇಳಿಲ್ಲ ಅಲ್ವಾ? ಮಣ್ಣು ತೆಗೆದು ಅಲ್ಲಿಗೆ ಎರಡು ಸಾಲು ಪೈಪ್ ಹಾಕಿಸೋ ಕೆಲಸಕ್ಕೆ ಪ್ರಾಧಿಕಾರ ಕೈ ಹಾಕ್ತು. ಈ ಚಿತ್ರ ನೋಡಿ. ಕೆಳಗೆ ಪೈಪಿನಲ್ಲಿ ಮಳೆ ನೀರು. ಪೈಪಿನ ಮೇಲೆ ಮಣ್ಣು. ಮಣ್ಣಿನ ಮೇಲೆ ನಾನೇ ಬರೆದ ಒಂದು ಟ್ರ್ಯಾಕ್ಟರ್, ಸ್ವಲ್ಪ ಎಮ್ಮೆ ಥರ ಕಾಣ್ತಿದೆ, ಕ್ಷಮಿಸಿ. ರಸ್ತೆಯ ಅಂದಾಜು ಪಟ್ಟಿ ಬರೆಯುವಾಗ ಹೊಲದವರನ್ನ ಕೇಳಿದ್ರೆ ಈ ಪೈಪು ಮೊದಲ ದಿನವೇ ಅಲ್ಲಿರ್ತಿತ್ತು.